ಎರಡು ಹಾಸಿಗೆಯ ಕೋಣೆ

ನನ್ನ ತಮ್ಮ ಹ್ಯಾಮಿಶ್‌ಗೆ ಬಾಯಿ ಮುಚ್ಚಿಕೊಂಡು ಕೂರುವ ವಿದ್ಯೆ ಹುಟ್ಟಿನಿಂದಲೂ ಒಲಿದಿಲ್ಲ. ತಾನು ಮಾಡಿದ ಆಟವನ್ನು ಯಾರಾದರೂ ಆಡಲು ಕೂತರೆ ಸಾಕು, ಕುರ್ಚಿಯ ತುದಿಗೆ ಸರಿದು, "ಅಲ್ಲಲ್ಲ, ಎಡಕ್ಕೆ, ಎಡಕ್ಕೆ ಮಾರಾಯ, ಕಣ್ಣಿಲ್ವಾ ನಿಂಗೆ?" ಎಂದು ಶುರು ಹಚ್ಚಿಕೊಳ್ಳುತ್ತಾನೆ. ಹಾಗೆ ಹೇಳಕೂಡದು ಎಂಬುದೇ ನಮ್ಮ ಕೂಟದ ಮೊದಲ ನಿಯಮ. ಮುರಿದವರು ಎಲ್ಲರಿಗೂ ಆಲೂ ಚಿಪ್ಸ್ ತರಿಸಬೇಕು. ನಮ್ಮ ಕೂಟದವರು ಇಷ್ಟು ದಪ್ಪಗಾಗಿರುವುದಕ್ಕೆ ಹ್ಯಾಮಿಶ್ ಒಬ್ಬನೇ ಕಾರಣ.

ಕೂಟ ಎಂದರೆ ದೊಡ್ಡದೇನಲ್ಲ. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ, ಪ್ರೆಸ್ಟನ್‌ನಲ್ಲಿ ಮುದುಕರು ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಸೇರುತ್ತೇವೆ. ಎಲ್ಲರದ್ದೂ ಒಂದೇ ಹುಚ್ಚು, ಪುಟ್ಟ ಪುಟ್ಟ ವಿಡಿಯೋ ಗೇಮ್ ಮಾಡುವುದು. ಐದು ನಿಮಿಷಕ್ಕೆ ಮುಗಿಯುವ, ಯಾರೂ ಕೊಳ್ಳದ, ಯಾರೂ ಕೇಳದ ಆಟಗಳು. ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಪೇಂಟ್ ಕಲಸಿಕೊಡುವವಳು, ಹ್ಯಾಮಿಶ್ ಬಚ್ಚಲುಮನೆಗಳಿಗೆ ಟೈಲ್ಸ್ ಹಾಕುವವನು, ಟ್ರುಂಗ್ ಔಷಧಿ ಅಂಗಡಿಯವನು. ನಾನೊಂದು ಆಟ ಮಾಡಿದ್ದೆ. ಅದರಲ್ಲಿ ನೀವೊಂದು ಸೋರುವ ನಲ್ಲಿ. ಹಲ್ಲುಜ್ಜಲು ಬಂದವರ ಮಾತು ಕೇಳಿಸಿಕೊಳ್ಳುವುದಷ್ಟೇ ಕೆಲಸ. ಇನ್ನೊಂದರಲ್ಲಿ ಟ್ರ್ಯಾಮಿಗಾಗಿ ಕಾಯಬೇಕು, ಟ್ರ್ಯಾಮ್ ಬರುವುದೇ ಇಲ್ಲ. ಅಂಗಡಿಯ ಹುಡುಗಿಯೊಬ್ಬಳಿಗೆ ತೋರಿಸಿದಾಗ, "ಗುಂಡು ಹಾರ್ಸೋದಿಲ್ವಾ?" ಎಂದಳು. "ಇಲ್ಲ." "ಮತ್ತೇನು ಮಾಡೋದು?" "ಕಾಯೋದು." ಅವತ್ತಿನಿಂದ ಅವಳು ನನ್ನ ಜೊತೆ ಸ್ವಲ್ಪ ಮೆತ್ತಗೆ ಮಾತಾಡುತ್ತಾಳೆ.

ಕೂಟವನ್ನು ಹದ್ದುಬಸ್ತಿನಲ್ಲಿಟ್ಟವಳು ವಾಸೊ. ಅರವತ್ತು ದಾಟಿದ ಗ್ರೀಕ್ ಹೆಂಗಸು, ಗಣಿತದ ಟೀಚರಾಗಿದ್ದವಳು. ಎಳ್ಳು ಮೆತ್ತಿದ ಬಿಸ್ಕತ್ತು ತರುತ್ತಾಳೆ, ಗದರಿಸಿ ತಿನ್ನಿಸುತ್ತಾಳೆ. ನಿಯಮಗಳೂ ಅವಳವೇ. ಆಡುವವರು ಗೋಡೆಗೆ ಬೆನ್ನು ಹಾಕಿ ಕೂರಬೇಕು, ಪರದೆ ಬೇರೆ ಯಾರಿಗೂ ಕಾಣಬಾರದು. ಆಡುತ್ತ ತಲೆಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರಬೇಕು, ಪರದೆಯ ಮೇಲಿನ ಮಾತನ್ನೂ ಓದಿ ಹೇಳಬೇಕು. ಮಾಡಿದವರು ಎದುರಿಗೆ ಕೂತು ಆಡುವವರ ಮುಖ ನೋಡಬೇಕು, ತುಟಿ ಪಿಟಕ್ ಎನ್ನಬಾರದು. ಆಟ ಮುಗಿದ ಮೇಲೆ ಆಡಿದವರು ಉಳಿಸಬೇಕಾದ್ದು ಒಂದು, ತೆಗೆಯಬೇಕಾದ್ದು ಒಂದು ಹೇಳಬೇಕು. ಅದಕ್ಕೆ ಮಾಡಿದವರು ವಾದಿಸುವಂತಿಲ್ಲ. 'ಥ್ಯಾಂಕ್ಸ್' ಎನ್ನಬಹುದು, ಅಷ್ಟೇ.

ನಮ್ಮ ಕಸುಬಿನ ಇನ್ನೊಂದು ಅಭ್ಯಾಸವನ್ನೂ ಹೇಳಿಬಿಡುತ್ತೇನೆ. ಆಟದೊಳಗಿನ ಜನ ಏನು ಮಾತಾಡಬೇಕು ಎಂಬುದು ಮೊದಲೇ ಹೊಳೆಯುವುದಿಲ್ಲ. ಹಾಗಾಗಿ ಆ ಜಾಗದಲ್ಲಿ ಏನಾದರೊಂದು ಗೀಚಿಟ್ಟು ಮುಂದೆ ಹೋಗುತ್ತೇವೆ, ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡಿದ ಹಾಗೆ. ಆಮೇಲೆ ಬಂದು ಸರಿಯಾದ ಮಾತು ಬರೆಯುವುದು. ಒಮ್ಮೊಮ್ಮೆ ಮರೆತುಹೋಗುತ್ತದೆ. ಟ್ರುಂಗ್‌ನ ಆಟದಲ್ಲಿ ರಾಜನೊಬ್ಬ ಸಾಯುವಾಗ ಗಂಭೀರವಾಗಿ, "ಹಾಲು, ಮೊಟ್ಟೆ, ಟಾಯ್ಲೆಟ್ ಪೇಪರ್" ಎಂದು ಪ್ರಾಣ ಬಿಟ್ಟಿದ್ದ. ಇವತ್ತಿಗೂ ನಾವು ಅದನ್ನು ಹೇಳಿಕೊಂಡು ನಗುತ್ತೇವೆ.

ಇಷ್ಟು ಆಟದ ಮಾತು. ಇನ್ನು ನನ್ನ ಮಾತು. ನನ್ನ ಎರಡೂ ಕಿಡ್ನಿ ಕೆಟ್ಟು ಕೂತಿವೆ. ವಾರಕ್ಕೆ ಮೂರು ಸಲ ಆಸ್ಪತ್ರೆಯ ಕುರ್ಚಿಯಲ್ಲಿ ಒರಗಿಕೊಂಡು, ತೋಳಿಗೆ ಎರಡು ಸೂಜಿ ಚುಚ್ಚಿಸಿಕೊಂಡು ಡಯಾಲಿಸಿಸ್ ಮಾಡಿಸಿಕೊಳ್ಳುತ್ತೇನೆ. ಸೂಜಿ ಚುಚ್ಚುವ ರಕ್ತನಾಳ ಈಗಾಗಲೇ ಎರಡು ಸಲ ಕಟ್ಟಿಕೊಂಡಿದೆ. ಯಾರೋ ಅಪರಿಚಿತರು ಸತ್ತು ಅವರ ಕಿಡ್ನಿ ನನಗೆ ಹೊಂದುವವರೆಗೆ ಕಾಯುತ್ತ ಕೂತರೆ ವರ್ಷಗಳೇ ಬೇಕು, ಅಷ್ಟು ದಿನ ನನ್ನ ತೋಳು ತಡೆಯುತ್ತದೋ ಇಲ್ಲವೋ ಡಾಕ್ಟರೂ ಹೇಳುವುದಿಲ್ಲ. ಕ್ರಿಸ್‌ಮಸ್ ಊಟದಲ್ಲಿ, ಸಿಗಡಿ ಸುಲಿಯುತ್ತ ಸುಲಿಯುತ್ತ, ಹ್ಯಾಮಿಶ್ ಎಲ್ಲರೆದುರು, "ನಂದು ತಗೋ. ನಂಗೆ ಎರಡಿದೆಯಲ್ಲ" ಎಂದುಬಿಟ್ಟ. ನಾನು ಅವನ ಸಿಗಡಿ ಕೈಯನ್ನೇ ಹಿಡಿದುಕೊಂಡು ಗೊಳೋ ಎಂದು ಅತ್ತೆ. ಊಟಕ್ಕೆ ಬಂದಿದ್ದ ನೆಂಟರು, ಪಕ್ಕದ ಮನೆಯವರು ಎಲ್ಲರೂ ಎದ್ದು ಅವನ ಬೆನ್ನು ತಟ್ಟಿದರು. ಪರೀಕ್ಷೆಗಳಾದವು, ಹೊಂದಿಕೆಯೂ ಆಯಿತು. ಜುಲೈಗೆ ಆಪರೇಷನ್ ಎಂದು ನಿಗದಿಯಾಯಿತು. ಚಿಕ್ಕಂದಿನಲ್ಲಿ ಇಂಜೆಕ್ಷನ್ ಕಂಡರೆ ಮಂಚದಡಿ ನುಗ್ಗುತ್ತಿದ್ದ ಹುಡುಗ ಅವನು. ಅದನ್ನು ಹೇಳಿ ಹೇಳಿ ಅವನನ್ನು ರೇಗಿಸುತ್ತಿದ್ದೆ, ಅವನೂ ನಗುತ್ತಿದ್ದ.

ನಮ್ಮಲ್ಲಿ ಜೂನ್ ಎಂದರೆ ಚಳಿಗಾಲ, ಆ ಭಾನುವಾರ ಚಳಿ ಕೊರೆಯುತ್ತಿತ್ತು. ಕ್ಲಬ್ಬಿನ ಬಾರಿನಲ್ಲಿ ಟಿವಿಯ ಫುಟಿ ಪಂದ್ಯದ ಗದ್ದಲ. ಯಾರ ಆಟವನ್ನು ಯಾರು ಆಡಬೇಕೆಂದು ವಾಸೊ ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿ ಎತ್ತಿಸಿದಳು. ನನಗೆ ಹ್ಯಾಮಿಶ್‌ನ ಹೆಸರು ಬಂತು.

"ಅಕ್ಕ ತಮ್ಮ ಆಗಲ್ಲ, ಬದಲಾಯಿಸ್ಕೊಳ್ಳಿ" ಎಂದ ಟ್ರುಂಗ್.

"ಪರ್ವಾಗಿಲ್ಲ. ಅವಳಿಗೆ ಅಂತಲೇ ಮಾಡಿದ್ದು, ಅವಳೇ ಆಡ್ಲಿ" ಎಂದ ಹ್ಯಾಮಿಶ್. ಮುಖ ತುಂಬ ನಗು. ಈಗಲೂ ಆ ನಗುವನ್ನು ನೆನೆಸಿಕೊಂಡು ಯೋಚಿಸುತ್ತೇನೆ.

ವಾಸೊ ನನಗೆ ಅರ್ಧ ಲೋಟ ಟೀ ಕೊಟ್ಟಳು. ಕಿಡ್ನಿ ಕೆಟ್ಟ ನನಗೆ ಕುಡಿಯುವುದೆಲ್ಲ ಅಳತೆಯಲ್ಲೇ. ಗೋಡೆಗೆ ಬೆನ್ನು ಹಾಕಿ ಕೂತು ಲ್ಯಾಪ್‌ಟಾಪ್ ಎಳೆದುಕೊಂಡೆ. ಹ್ಯಾಮಿಶ್ ಎದುರಿಗೆ ಕೂತ.

ಆಟ ಕಣ್ಣಾಮುಚ್ಚಾಲೆ. ನೀವೊಬ್ಬ ಪುಟ್ಟ ಹುಡುಗ, ಮನೆಯೆಲ್ಲ ತಿರುಗಿ ಬಚ್ಚಿಟ್ಟುಕೊಂಡ ಅಕ್ಕನನ್ನು ಹುಡುಕಬೇಕು. ಇರುವುದೊಂದೇ ಗುಂಡಿ, 'ನೋಡು'. ಏನನ್ನಾದರೂ ನೋಡಿದರೆ ಒಂದು ಸಾಲು ಮಾತು ಬರುತ್ತದೆ. ಮಾತು ಬರೆದಿರದ ಜಾಗದಲ್ಲೆಲ್ಲ 'ಇಲ್ಲಿ ಏನೂ ಇಲ್ಲ' ಎಂದು ತಾನಾಗಿಯೇ ಬರುತ್ತದೆ.

"ಅಯ್ಯೋ, ಇದು ನಮ್ಮ ಅಡುಗೆಮನೆ!" ಎಂದೆ. "ಕಿತ್ತಳೆ ಬಣ್ಣದ ಬೆಂಚು. ಟೋಸ್ಟರ್ ನೋಡ್ತೀನಿ. 'ಇದು ಒಂದೇ ಕಡೆ ಸುಡುತ್ತೆ. ಸುಟ್ಟ ಕಡೆ ನಂಗೆ, ಸುಡದ ಕಡೆ ಅಕ್ಕನಿಗೆ.' ಸುಳ್ಳುಬುರುಕ! ಸುಟ್ಟಿದ್ದು ತಿಂದಿದ್ದು ನಾನು ಕಣೋ."

"ಏನು ಸುಳ್ಳು ಹೇಳ್ತೀಯ, ನೀನು ಯಾವತ್ತು..." ಎಂದು ಬಾಯಿ ತೆಗೆದೇಬಿಟ್ಟ ಹ್ಯಾಮಿಶ್.

"ಚಿಪ್ಸ್!" ಎಂದಳು ವಾಸೊ.

ಎಲ್ಲರೂ ನಕ್ಕರು. ಕಿಡ್ನಿಯ ಪಥ್ಯದಲ್ಲಿ ನನಗೆ ಆಲೂಗಡ್ಡೆ ಕೂಡದು, ಆದರೂ ಹ್ಯಾಮಿಶ್ ದಂಡ ತೆರುವುದನ್ನು ನೋಡುವುದೇ ಒಂದು ಊಟ. ಆಟದಲ್ಲಿ ಮುಂದೆ ಬಟ್ಟೆ ಒಗೆಯುವ ಕೋಣೆಗೆ ಹೋದೆ. ಅಲ್ಲಿ ಹುಡುಗ ಬುಟ್ಟಿಯೊಳಗೆ ಕೂತು ಎಣಿಸುತ್ತಾನೆ, ಏಳು ಆದಮೇಲೆ ಎಂಟನ್ನು ಮರೆತು ಒಂಬತ್ತಕ್ಕೆ ಹಾರುತ್ತಾನೆ. ಹ್ಯಾಮಿಶ್ ಎಣಿಸುತ್ತಿದ್ದುದೇ ಹಾಗೆ. ನಲ್ಲಿ ತೊಟ್ಟಿಕ್ಕುವ ಸದ್ದನ್ನೂ ಹಾಕಿದ್ದ, ನನ್ನ ನಲ್ಲಿ ಆಟವನ್ನು ಅಣಕಿಸಲು. ನಾನು ನಗುತ್ತ ನಗುತ್ತ ಕಣ್ಣೊರೆಸಿಕೊಂಡೆ. ಇಷ್ಟು ಚೆನ್ನಾಗಿ ಯಾರೂ ನನ್ನನ್ನು ನೆನಪಿಟ್ಟುಕೊಂಡಿಲ್ಲ ಎನಿಸಿತು.

"ಈಗ ಓಣಿ. ಉದ್ದ ಆಗ್ತಾ ಹೋಗ್ತಿದೆ. ಗೋಡೆ ಬಣ್ಣ ಬದಲಾಗ್ತಿದೆ, ತಿಳಿ ಹಸಿರು. ಓ, ಇದು ಆಸ್ಪತ್ರೆ. ಕೊನೇ ಕೋಣೆ. ಎರಡು ಹಾಸಿಗೆ, ಅಕ್ಕಪಕ್ಕ. ನಡುವೆ ಒಂದು ಬಟ್ಟೆ ಪರದೆ."

ಆ ಕ್ಷಣ ತಲೆಯೆತ್ತಿ ನೋಡಿದೆ. ಹ್ಯಾಮಿಶ್‌ನ ಕೈ ಬಿಸ್ಕತ್ತಿನ ತಟ್ಟೆಯ ಮೇಲೆ ಹಾಗೇ ನಿಂತಿತ್ತು. ಬಾಯಿ ತೆರೆದ, ಮತ್ತೆ ಮುಚ್ಚಿದ. ಭಾವುಕನಾಗಿದ್ದಾನೆ ಎಂದುಕೊಂಡೆ, ಪೆದ್ದಿ.

"ಮೊದಲ್ನೇ ಹಾಸಿಗೆ ನೋಡ್ತೀನಿ. 'ಇದು ಅಕ್ಕನದು. ದಿಂಬು ಎರಡು ಬೇಕಂತೆ.' ಹೌದು ಬೇಕು. ಈಗ ಎರಡನೇದು."

ಗುಂಡಿ ಒತ್ತಿದೆ. ಪರದೆಯ ಮೇಲೆ ಬಂದದ್ದು ಇದು:

'ಇದು ನನ್ನದು. ನಂಗೆ ಬೇಡ. ಜೀವ ಹೋಗೋಷ್ಟು ಹೆದರಿಕೆ. ಕೊಡಲ್ಲ ಅಂತ ಮೆರಿನ್‌ಗೆ ಹೇಗೆ ಹೇಳೋದು. ಇಲ್ಲಿ ಆಮೇಲೆ ಏನಾದ್ರೂ ಒಳ್ಳೇದು ಬರೀಬೇಕು.'

ಮೆರಿನ್ ಎಂದರೆ ನಾನೇ.

ನನಗೆ ಮೊದಲು ಬಂದದ್ದು ದುಃಖವಲ್ಲ, ಕೋಪ. ಲ್ಯಾಪ್‌ಟಾಪನ್ನು ಎತ್ತಿ ಅವನ ತಲೆಯ ಮೇಲೆ ಕುಕ್ಕಬೇಕೆನಿಸಿತು. ಆರು ತಿಂಗಳಿಂದ ನನ್ನ ಜೊತೆ ಆಸ್ಪತ್ರೆಗೆ ಬಂದಿದ್ದ, ರಕ್ತ ಕೊಟ್ಟಿದ್ದ, ನರ್ಸುಗಳಿಗೆ ಜೋಕು ಹೇಳಿದ್ದ. ಆಪರೇಷನ್ ಆದಮೇಲೆ ಇಬ್ಬರೂ ಸೇರಿ ಒಂದು ದೊಡ್ಡ ಬಿಯರ್ ಕುಡಿಯೋಣ, ಅಳತೆ ಇಲ್ಲದೆ, ಎಂದಿದ್ದ. ನಾನು ಆ ಬಿಯರನ್ನು ಎಷ್ಟು ಸಲ ಮನಸ್ಸಿನಲ್ಲೇ ಕುಡಿದಿದ್ದೆನೋ.

"ಮೆರಿನ್, ಬಾಯಿ!" ಎಂದಳು ವಾಸೊ. "ಓದು, ಓದು. ಸುಮ್ನಾಗಬೇಡ."

ಸುತ್ತ ಕೂತವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಇದ್ದದ್ದನ್ನು ಇದ್ದಹಾಗೆ ಓದಿದರೆ ಮುಗಿಯಿತು. ನಾಳೆಯಿಂದ ಅವನು ಈ ಕೋಣೆಗೆ ಕಾಲಿಡಲಾರ. ಓದಬೇಕೆಂದೇ ಬಾಯಿ ತೆರೆದೆ, ಸುಳ್ಳು ಹೇಳುವುದಿಲ್ಲ. ಅವನ ಕಡೆ ನೋಡಿದೆ. ನಲವತ್ತೊಂದು ವರ್ಷದ ಗಂಡಸು, ಗಾರೆ ಮೆತ್ತಿದ ಉಗುರುಗಳು, ಮಂಚದಡಿಯಿಂದ ಇಣುಕುತ್ತಿದ್ದ ಅದೇ ಕಣ್ಣು.

"'ಇದು ನನ್ನದು'" ಎಂದು ಓದಿದೆ. "'ಕಿಟಕಿ ಕಡೆಯದ್ದು. ಅಕ್ಕ ಎದ್ದ ತಕ್ಷಣ ನಂಗೆ ಕಾಣ್ಲಿ ಅಂತ.'"

"ಅಯ್ಯೋ ದೇವ್ರೇ" ಎಂದು ಟ್ರುಂಗ್ ಎದೆ ಮುಟ್ಟಿಕೊಂಡ. ಯಾರೋ ಮೂಗು ಒರೆಸಿಕೊಂಡರು.

ಹ್ಯಾಮಿಶ್‌ಗೆ ಮಾತ್ರ ಗೊತ್ತಿತ್ತು, ಅಂಥ ಸಾಲನ್ನು ತಾನು ಬರೆದೇ ಇಲ್ಲವೆಂದು. ಅವನು ತಲೆ ತಗ್ಗಿಸಿದ. ನಾನು ಹಾಸಿಗೆಗಳ ನಡುವಿನ ಬಟ್ಟೆ ಪರದೆಯ ಮೇಲೆ 'ನೋಡು' ಒತ್ತಿದೆ. ಅದರ ಹಿಂದೆ ಪುಟ್ಟ ಅಕ್ಕ ನಿಂತಿದ್ದಳು, ಎರಡು ಜಡೆಯವಳು. 'ಸಿಕ್ಕಿಬಿಟ್ಟೆ!' ಎಂದು ಬಂದು ಆಟ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಹೇಳು, ಉಳಿಸಬೇಕಾದ್ದು?" ಎಂದಳು ವಾಸೊ.

"ಬಟ್ಟೆ ಬುಟ್ಟಿ. ಎಂಟು ಮರೆಯೋದು."

"ತೆಗೆಯಬೇಕಾದ್ದು?"

"ಕೊನೇ ಕೋಣೆ" ಎಂದೆ.

"ಹುಚ್ಚಾ ನಿಂಗೆ? ಆಟದ ಜೀವ ಇರೋದೇ ಅಲ್ಲಿ!"

"ತಲೆಗೆ ಬಂದದ್ದು ಹೇಳು ಅಂತ ನೀನೇ ತಾನೇ ನಿಯಮ ಮಾಡಿದ್ದು? ನಂಗೆ ಆ ಕೋಣೆ ಬೇಡ. ತೆಗೀಲಿ." ನಾನು ಹ್ಯಾಮಿಶ್‌ನನ್ನೇ ನೋಡುತ್ತ ಹೇಳಿದೆ. "ಎರಡು ಹಾಸಿಗೆ ಬೇಕಾಗಿಲ್ಲ ಕಣೋ. ತೆಗೆದುಬಿಡು. ನಂಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎಂದದ್ದು ಹಸಿ ಸುಳ್ಳು. ಹೇಳುವಾಗಲೇ ನನ್ನೊಳಗೆ ಒಬ್ಬಳು ಕಿರುಚುತ್ತಿದ್ದಳು: ನಿಯಮ ಮುರಿಯೋ, ವಾದ ಮಾಡೋ, 'ಆಗಲ್ಲ, ಆ ಕೋಣೆ ಇರ್ಲಿ' ಅನ್ನೋ. ಇಡೀ ಪ್ರೆಸ್ಟನ್‌ಗೆ ಚಿಪ್ಸ್ ನಾನು ತರಿಸುತ್ತೇನೆ. ಜೀವಮಾನವಿಡೀ ಸಲ್ಲದ ಕಡೆಯೆಲ್ಲ ಮಾತಾಡಿದವನು ಈ ಒಂದು ಸಲ ಮಾತಾಡಬಾರದೇ?

"ಥ್ಯಾಂಕ್ಸ್" ಎಂದ ಹ್ಯಾಮಿಶ್.

"ನೋಡಿ, ಕೊನೆಗೂ ನಿಯಮ ಕಲ್ತ!" ಎಂದಳು ವಾಸೊ. ಎಲ್ಲರೂ ಮತ್ತೆ ಚಪ್ಪಾಳೆ ತಟ್ಟಿದರು.

ಹೊರಗೆ ಬಂದಾಗ ಬಿಳಿ ಬಟ್ಟೆಯ ಮುದುಕರು ಹುಲ್ಲಿನ ಮೇಲೆ ಚೆಂಡು ಉರುಳಿಸುತ್ತಿದ್ದರು. ಅವನ ವ್ಯಾನಿನ ಹಿಂದೆ ಟೈಲ್ಸ್ ಪೆಟ್ಟಿಗೆಗಳ ಪಕ್ಕ ಇಬ್ಬರೂ ನಿಂತೆವು. ಅವನು ಬೀಗದ ಕೈಯನ್ನು ತಿರುಗಿಸುತ್ತಲೇ ಇದ್ದ.

"ಇಲ್ಲಿ ವಾಸೊ ಇಲ್ಲ" ಎಂದೆ. "ಬಾಯಿ ಬಿಡು."

"ಸುಮ್ನೆ ಜಾಗ ಹಿಡಿಯೋಕೆ ಬರೆದಿದ್ದು ಮೆರಿನ್. ಬದಲಾಯಿಸ್ಬೇಕು ಅಂತಿದ್ದೆ."

"ಯಾವಾಗ ಬರೆದಿದ್ದು?"

"ಮಾರ್ಚ್‌ನಲ್ಲಿ."

"ಟೋಸ್ಟರ್‌ಗೆ ಬರೆದೆ, ಬುಟ್ಟಿಗೆ ಬರೆದೆ, ನನ್ನ ದಿಂಬಿಗೂ ಬರೆದೆ. ನಲ್ಲಿ ತೊಟ್ಟಿಕ್ಕೋ ಸದ್ದು ಕೂಡ ಹಾಕ್ದೆ. ಆ ಒಂದು ಸಾಲು ಬದಲಾಯಿಸೋಕೆ ಪುರುಸೊತ್ತು ಸಿಗ್ಲಿಲ್ವಾ? ಮರೆತೆಯಾ? ಇಲ್ಲ, ನಾನು ನೋಡ್ಲಿ ಅಂತಲೇ ಬಿಟ್ಟೆಯಾ?"

"ಗೊತ್ತಿಲ್ಲ. ಪ್ರಮಾಣ ಮಾಡಿ ಹೇಳ್ತೀನಿ, ನಂಗೇ ಗೊತ್ತಿಲ್ಲ. ನೀನು ಓಣಿಗೆ ಬಂದಾಗ ನೆನಪಾಯ್ತು. ತಡೀಬೇಕು ಅನ್ಕೊಂಡೆ. ಬಾಯಿ ಬರ್ಲಿಲ್ಲ." ಆಮೇಲೆ ವ್ಯಾನಿಗೆ ಹಣೆ ಒತ್ತಿಕೊಂಡು ಅಳತೊಡಗಿದ. "ನಿದ್ದೆ ಇಲ್ಲ ಮೆರಿನ್. ಕಣ್ಣು ಮುಚ್ಚಿದ್ರೆ ನನ್ನ ಹೊಟ್ಟೆ ಕೊಯ್ತಾರೆ. ಮತ್ತೆ ಏಳೋದೇ ಇಲ್ಲ. ನಾನು ಹೇಡಿ."

ಹೌದು, ಹೇಡಿ ಎನ್ನಬೇಕೆನಿಸಿತು. ಅಪ್ಪಿಕೊಳ್ಳಬೇಕು ಎಂದೂ ಅನಿಸಿತು. ಎರಡನ್ನೂ ಮಾಡದೆ ಅವನ ಅಂಗಿಯ ಕಾಲರ್ ಸರಿಮಾಡಿದೆ.

"ಕೇಳು ಇಲ್ಲಿ. ನಾಳೆ ಆಸ್ಪತ್ರೆಗೆ ಫೋನ್ ಮಾಡು, ಆ ಕಿಡ್ನಿ ಕೊಡೋರನ್ನ ನೋಡ್ಕೊಳ್ಳೋ ನರ್ಸ್‌ಗೆ. ಕೊಡೋಕೆ ಆಗಲ್ಲ ಅನ್ನು. ಕಾರಣ ಅವರು ಯಾರಿಗೂ ಹೇಳಲ್ಲ. 'ಮತ್ತೆ ಪರೀಕ್ಷೆ ಮಾಡಿದ್ವಿ, ಹೊಂದಲ್ಲ' ಅಂತಷ್ಟೇ ಹೇಳ್ತಾರೆ. ಮನೆಯವರಿಗೂ ಅದನ್ನೇ ಹೇಳು. ನಾನೂ ಅದನ್ನೇ ಹೇಳ್ತೀನಿ."

ಹೇಳಿ ಕಾದೆ. ಕಾಯುವುದೇ ನನ್ನ ಆಟವಲ್ಲವೇ. ಇಲ್ಲಿ ಯಾವ ನಿಯಮವೂ ಇರಲಿಲ್ಲ, ಏನು ಬೇಕಾದರೂ ಹೇಳಬಹುದಿತ್ತು. 'ಬೇಡ, ಕೊಡ್ತೀನಿ' ಎನ್ನಬಹುದಿತ್ತು. 'ಒಂದು ವಾರ ಟೈಮ್ ಕೊಡು' ಎನ್ನಬಹುದಿತ್ತು. ಹಾಗೆಂದಿದ್ದರೂ ಸಾಕಿತ್ತು, ನಾಚಿಕೆಯಿಲ್ಲದೆ ಆ ಒಂದು ವಾರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಹುಲ್ಲಿನ ಮೇಲೆ ಚೆಂಡಿಗೆ ಚೆಂಡು ತಾಗಿ ಮುದುಕರು ಹೋ ಎಂದರು.

ಅವನು ತೋಳಿನಿಂದ ಮುಖ ಒರೆಸಿಕೊಂಡ.

"ಥ್ಯಾಂಕ್ಸ್ ಮೆರಿನ್" ಎಂದ.

ಮಂಗಳವಾರ ಡಯಾಲಿಸಿಸ್ ಕುರ್ಚಿಯಲ್ಲಿದ್ದಾಗ ಮೊಬೈಲಿಗೆ ಅವನ ಆಟದ ಹೊಸ ಪ್ರತಿ ಬಂತು. ಜೊತೆಗೆ ಒಂದೇ ಸಾಲು: 'ನೀನು ಹೇಳಿದ್ದು ತೆಗೆದೆ.' ಹಿಂದಿನ ದಿನ ಆಸ್ಪತ್ರೆಯವರೂ ಫೋನ್ ಮಾಡಿದ್ದರು, 'ಹೊಂದಲ್ಲ' ಎಂದು ಬಹಳ ಮರ್ಯಾದೆಯಿಂದ ಹೇಳಿದ್ದರು. ಹ್ಯಾಮಿಶ್ ತನ್ನ ಜನ್ಮದಲ್ಲಿ ಯಾವುದನ್ನೂ ಇಷ್ಟು ಬೇಗ ಸರಿಮಾಡಿದವನಲ್ಲ. ನನ್ನ ಬಚ್ಚಲಿನ ಎರಡು ಟೈಲ್ಸ್ ಮೂರು ವರ್ಷದಿಂದ ಹಾಗೇ ಬಿದ್ದಿವೆ.

ಸೂಜಿಯಿಲ್ಲದ ಕೈಯಲ್ಲಿ ಆಡಿದೆ. ಅಡುಗೆಮನೆ, ಟೋಸ್ಟರ್, ಬುಟ್ಟಿ. ಹುಡುಗ ಎಂಟನ್ನು ಮರೆತ. ಓಣಿಗೆ ಬಂದೆ. ಈಗ ಅದು ಉದ್ದವಾಗುವುದಿಲ್ಲ, ಹಸಿರೂ ಆಗುವುದಿಲ್ಲ. ಕೊನೆಯಲ್ಲೊಂದು ಗೋಡೆ. ಕಸುಬುದಾರನ ಕೈ, ಅಲ್ಲೊಂದು ಬಾಗಿಲಿತ್ತೆಂದು ಯಾರಿಗೂ ಗೊತ್ತಾಗದು. 'ನೋಡು' ಒತ್ತಿದೆ. 'ಇಲ್ಲಿ ಏನೂ ಇಲ್ಲ' ಎಂದು ಬಂತು.

ಹಿಂದಿರುಗಿ ಮತ್ತೆ ಎಲ್ಲ ಕೋಣೆ ತಿರುಗಿದೆ. ಬೀರು ನೋಡಿದೆ, ಮಂಚದಡಿ ನೋಡಿದೆ, ಮೇಜಿನ ಹಿಂದೆ ನೋಡಿದೆ. ಅಕ್ಕ ಎಲ್ಲೂ ಇಲ್ಲ. ಆಮೇಲೆ ಹೊಳೆಯಿತು. ಅಕ್ಕ ನಿಂತಿದ್ದದ್ದು ಆ ಎರಡು ಹಾಸಿಗೆಗಳ ನಡುವೆಯೇ. ಕೋಣೆ ಕಿತ್ತುಹಾಕುವ ಅವಸರದಲ್ಲಿ ಅವನಿಗೆ ಅದು ನೆನಪಾಗಿಲ್ಲ. ನಮ್ಮಂಥವರು ಮಾಡುವ ತಪ್ಪೇ ಅದು, ಒಂದನ್ನು ತೆಗೆಯುವಾಗ ಅದಕ್ಕೆ ಕಟ್ಟಿದ್ದು ಯಾವುದೆಂದು ನೋಡುವುದಿಲ್ಲ. ಹುಡುಗ ಈಗ ಎಷ್ಟು ಹೊತ್ತು ಬೇಕಾದರೂ ಹುಡುಕಬಹುದು. ಆಟ ಮುಗಿಯುವುದಿಲ್ಲ.

ತಪ್ಪು ಕಂಡರೆ ಹೇಳುವುದು ಆಡಿದವರ ಕೆಲಸ. ಒಂದೇ ಬೆರಳಿನಲ್ಲಿ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಮಾಡಿದೆ. 'ಕೋಣೆ ಜೊತೆ ಅಕ್ಕಾನೂ ಹೋಗಿಬಿಟ್ಲು ಕಣೋ. ಹುಡುಗ ಹುಡುಕ್ತಾನೇ ಇದ್ದಾನೆ. ಬೇರೆ ಎಲ್ಲಾದ್ರೂ ಇಡು ಅವಳನ್ನ.'

ಕಳಿಸಿದೆ. ನರ್ಸ್ ಬಂದು ಯಂತ್ರ ನೋಡಿ, ಇನ್ನೂ ಎರಡು ಗಂಟೆ ಇದೆ, ಕಂಬಳಿ ಕೊಡಲೇ ಎಂದು ಕೇಳಿದಳು.